ಎದುರಿನ ಸ್ಟೂಲಿಗೊಂದು ಟಿಶ್ಯೂ ಪೊಟ್ಟಣ

ಪ್ರಾಮಾಣಿಕತೆ ರಕ್ತದಲ್ಲೇ ಬರುತ್ತದೆ ಎನ್ನುವವರು ಪುಣ್ಯವಂತರು. ನನಗೆ ಅದು ಪುಸ್ತಕದಿಂದ ಬರಬೇಕಾಗಿದೆ, ಅದೂ ಸೋಮವಾರದೊಳಗೆ. ಸಿಂಗಪುರದಲ್ಲಿ ವಕೀಲನಾಗಲು ಕಾನೂನು ಪದವಿಯೊಂದೇ ಸಾಲದು, ವಕೀಲರ ನೀತಿನಿಯಮಗಳ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕಕ್ಷಿದಾರನ ಗುಟ್ಟು ಬಿಟ್ಟುಕೊಡಬಾರದು, ಜಗಳದ ಎರಡೂ ಕಡೆಗೆ ಒಬ್ಬನೇ ವಕಾಲತ್ತು ವಹಿಸಬಾರದು, ನ್ಯಾಯಾಲಯವನ್ನು ದಾರಿ ತಪ್ಪಿಸಬಾರದು. ನಮ್ಮಜ್ಜಿ ಒಂದೇ ಗುದ್ದಿನಲ್ಲಿ ಕಲಿಸುತ್ತಿದ್ದುದನ್ನು ಇಲ್ಲಿ ದಪ್ಪ ಪುಸ್ತಕದಲ್ಲಿ ಕಲಿಸುತ್ತಾರೆ. ಪರೀಕ್ಷೆಗೆ ಆ ಪುಸ್ತಕವನ್ನು ಒಯ್ಯಬಹುದು ಎಂದು ಅಮ್ಮನಿಗೆ ಖುಷಿಯಿಂದ ಹೇಳಿದೆ. ಅಮ್ಮ ಒಗ್ಗರಣೆ ಸೌಟನ್ನು ಕೆಳಗಿಟ್ಟು, "ಪುಸ್ತಕ ನೋಡ್ಕೊಂಡು ಸತ್ಯವಂತ ಆಗ್ತೀಯೇನೋ?" ಎಂದಳು.

ನನ್ನ ತಲೆಗೆ ಇರುವುದು ಒಂದೇ ಬಾಗಿಲು, ಅದು ಕಿವಿ. ಯಾರದಾದರೂ ದನಿಯಲ್ಲಿ ಹೇಳಿಕೊಂಡರೆ ಮಾತ್ರ ಒಳಗೆ ಇಳಿಯುತ್ತದೆ. ಹಾಗಾಗಿ ಗುಟ್ಟಿನ ನಿಯಮವನ್ನು ನಮ್ಮ ಬ್ಲಾಕಿನ ಶಾರದಾ ಆಂಟಿಯ ದನಿಯಲ್ಲಿ ಓದಿದೆ. "ಯಾರಿಗೂ ಹೇಳ್ಬೇಡ" ಎಂದು ಅವರು ನೆಲಮಹಡಿಯ ಬಯಲು ಜಗಲಿಯಾದ ವಾಯ್ಡ್ ಡೆಕ್‌ನಲ್ಲಿ ಶುರು ಮಾಡಿದ ಸುದ್ದಿ, ಲಿಫ್ಟು ಹನ್ನೆರಡನೇ ಮಹಡಿ ತಲುಪುವ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಎರಡು ಕಡೆಯ ವಕಾಲತ್ತಿಗೆ ಅಮ್ಮನ ದನಿ: ನನಗೂ ಅಪ್ಪನಿಗೂ ಜಗಳವಾದರೆ ಇಬ್ಬರ ಪರವಾಗಿಯೂ ವಾದಿಸಿ ಇಬ್ಬರನ್ನೂ ಸೋಲಿಸುತ್ತಾಳೆ. ದಾರಿ ತಪ್ಪಿಸುವ ಅಧ್ಯಾಯಕ್ಕೆ ದನಿ ಹುಡುಕಬೇಕಾಗಲಿಲ್ಲ. ಎಂಟನೇ ವಯಸ್ಸಿನಲ್ಲೇ ಅಪ್ಪನ ದನಿಯಲ್ಲಿ ಶಾಲೆಗೆ ಫೋನ್ ಮಾಡಿ ನನಗೆ ನಾನೇ ಜ್ವರ ಬರಿಸಿಕೊಂಡವನು ನಾನು.

ಇದನ್ನೆಲ್ಲ ಕೇಳಿ ನಗಲು ವಿಭಾ ಇದ್ದಳು. ಅವಳೂ ಇದೇ ಪರೀಕ್ಷೆಗೆ ಓದುತ್ತಿರುವವಳು. ಅವಳ ಮನೆ ಕಲ್ಲಾಂಗ್‌ನಲ್ಲಿ, ನನ್ನದು ದೂರದ ಯಿಶುನ್‌ನಲ್ಲಿ. ಆದರೂ ಅವಳ ಮನೆಯ ಹತ್ತಿರ, ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಫ್ಯಾನಿನ ಕೆಳಗಿನ ಒಂದು ಟೇಬಲ್ಲಿಗೆ ನಾನು ದಿನಾ ಹೋಗುತ್ತಿದ್ದೆ. ಮೊದಲು ಬರುವವಳು ಅವಳೇ. ಬಂದವಳು ಎದುರಿನ ಸ್ಟೂಲಿನ ಮೇಲೆ ನನಗಾಗಿ ಒಂದು ಟಿಶ್ಯೂ ಪೊಟ್ಟಣ ಇಡುತ್ತಿದ್ದಳು. ಅದಕ್ಕಿಲ್ಲಿ ಚೋಪ್ ಮಾಡುವುದು ಎನ್ನುತ್ತಾರೆ. ಕಿಟಕಿಯಿಂದ ಕರ್ಚೀಫು ಎಸೆದು ಬಸ್ಸಿನ ಸೀಟು ಹಿಡಿಯುವ ನಮ್ಮೂರ ವಿದ್ಯೆಯೇ, ಆದರೆ ಇಲ್ಲಿ ಕರ್ಚೀಫನ್ನು ಎತ್ತಿ ಬಿಸಾಡಿ ಕೂರುವವರಿಲ್ಲ. ಹಸಿದ ನೂರು ಜನ ಟ್ರೇ ಹಿಡಿದು ಸುತ್ತುತ್ತಿದ್ದರೂ ಆ ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ. ನಾನು ಊರಿನವರೆಲ್ಲರ ದನಿ ತೆಗೆಯುತ್ತಿದ್ದೆ, ಅವಳು ಚಹಾ ಚೆಲ್ಲುವಷ್ಟು ನಗುತ್ತಿದ್ದಳು. ಅವಳಿಗೆ ಹೇಳಬೇಕೆಂದಿದ್ದ ಒಂದು ಮಾತಿಗೆ ಮಾತ್ರ ಯಾರ ದನಿಯೂ ಹೊಂದುತ್ತಿರಲಿಲ್ಲ.

ವಿಭಾಳ ಅಪ್ಪ ನಾಗೇಶ್ ಅಂಕಲ್ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ದಿನವಿಡೀ ತಪ್ಪು ಹುಡುಕುವುದೇ ಕೆಲಸ, ಮನೆಗೆ ಬಂದರೂ ಡ್ಯೂಟಿ ಮುಗಿಯುವುದಿಲ್ಲ. ಹಳೇ ಸ್ಕೂಟರಿಗೆ ಕಿಕ್ ಹೊಡೆದಂತೆ ಎರಡು ಸಲ ಕೆಮ್ಮಿ ಮಾತು ಶುರು ಮಾಡುತ್ತಾರೆ. ಮಗಳು ಚಿನ್ನದ ಪದಕ ತಂದಾಗ ಅವರ ಬಾಯಿಂದ ಬಂದದ್ದು "ಪರವಾಗಿಲ್ಲ" ಎಂಬ ಒಂದೇ ಪದ. ಆ ಕತೆ ಹೇಳುವಾಗ ವಿಭಾ ನಗುತ್ತಾಳೆ, ಕಣ್ಣು ಮಾತ್ರ ಟೇಬಲ್ಲಿನ ಮೇಲಿರುತ್ತದೆ.

ಮೂರು ವಾರದ ಹಿಂದಿನ ಶನಿವಾರ, ಅವಳ ಅಮ್ಮ ಬಿಸಿಬೇಳೆಬಾತ್ ಕಳಿಸಿದ್ದ ಡಬ್ಬಿಯನ್ನು ಹಿಂದಿರುಗಿಸಲು ಅವರ ಮನೆಗೆ ಹೋಗಿದ್ದೆ. ಅಂಕಲ್ ಸ್ನಾನಕ್ಕಿಳಿದಿದ್ದರು, ಆಂಟಿ ಅಡುಗೆಮನೆಯಲ್ಲಿದ್ದರು, ಹಾಲಿನಲ್ಲಿ ಲ್ಯಾಂಡ್‌ಲೈನು ಒಂಟಿಯಾಗಿ ಕೂತಿತ್ತು. ಹಾಕರ್ ಸೆಂಟರಿನಲ್ಲಿ ಕಾಯುತ್ತಿದ್ದ ವಿಭಾಳಿಗೆ ಫೋನ್ ಮಾಡಿದೆ. ಎರಡು ಸಲ ಕೆಮ್ಮಿದೆ. ಬೈದರೆ ಮಾಮೂಲಾಯಿತು, ಅಸಾಧ್ಯವಾದದ್ದನ್ನೇ ಹೇಳಿದರೆ ತಕ್ಷಣ ಗುರುತು ಹಿಡಿದು ನಗುತ್ತಾಳೆ ಎಂದುಕೊಂಡು, "ವಿಭಾ, ನೀನು ತುಂಬಾ ಕಷ್ಟಪಡ್ತಿದೀಯಮ್ಮ. ನನ್ ಮಗಳು ಅಂತ ಹೇಳ್ಕೊಳೋಕೆ ಹೆಮ್ಮೆ ನಂಗೆ" ಎಂದೆ. ನಗು ಬರಲಿಲ್ಲ. ಮೂಗೆಳೆದ ಸದ್ದು ಬಂತು. ಆಮೇಲೆ, "ಥ್ಯಾಂಕ್ಸ್ ಅಪ್ಪ."

ಅರ್ಧ ಗಂಟೆಯಲ್ಲಿ ನಾನು ಅವಳೆದುರು ಕೂತಿದ್ದೆ. ಕಣ್ಣು ಕೆಂಪಾಗಿದ್ದ ಅವಳು ನನಗೂ ಒಂದು ಪ್ಲೇಟ್ ಟೋಸ್ಟ್ ತರಿಸಿದಳು. ಹೇಳಿದ್ದು ಸುಳ್ಳೆಂದು ಗೊತ್ತಾದೊಡನೆ ವಕೀಲನಾದವನು ತಿದ್ದಬೇಕು, ಸುಮ್ಮನಿರುವುದೂ ದಾರಿ ತಪ್ಪಿಸಿದಂತೆಯೇ, ಎಂಬ ಪುಟ ನನ್ನ ಮುಂದೆ ತೆರೆದೇ ಇತ್ತು. ಅದರ ಮೇಲೆ ಟೋಸ್ಟಿನ ತಟ್ಟೆ ಇಟ್ಟುಕೊಂಡು ತಿಂದೆ.

ಮಾರನೇ ದಿನದಿಂದ ಯಿಶುನ್‌ನ ಲೈಬ್ರರಿಯೇ ಹತ್ತಿರ ಎಂದು ನೆಪ ಹೇಳಿ ಅಲ್ಲಿ ಕೂತೆ. ಎಸಿ ಇದೆ, ಮೌನ ಇದೆ, ಓದುವವನಿಗೆ ಇನ್ನೇನು ಬೇಕು? ನನಗೆ ಗರಗರ ಎನ್ನುವ ಆ ಫ್ಯಾನು ಬೇಕಿತ್ತು. ಎಣ್ಣೆಯಂಟಿದ ಆ ಟೇಬಲ್ಲು ಬೇಕಿತ್ತು. ಶಾರದಾ ಆಂಟಿಯ ದನಿಯನ್ನು ಮೆಲ್ಲಗೆ ತೆಗೆದು ನೋಡಿದೆ. ನಗುವವರಿಲ್ಲದೆ ಅದು ಬರೀ ಚಾಡಿಯಂತೆ ಕೇಳಿಸಿತು. ದಿನಾ ಮೂರು ಗಂಟೆಗೆ ವಿಭಾ ಒಂದು ಫೋಟೋ ಕಳಿಸುತ್ತಿದ್ದಳು: ಖಾಲಿ ಸ್ಟೂಲು, ಮೇಲೊಂದು ಟಿಶ್ಯೂ ಪೊಟ್ಟಣ, ಕೆಳಗೆ ಅದೇ ಸಾಲು, "ನಿನ್ ಸೀಟು. ಹೇಳೋದೇನಾದ್ರೂ ಇದ್ರೆ ಬಾ." ಡೌಟಿದ್ದರೆ ಕೇಳು ಎನ್ನುತ್ತಿದ್ದಾಳೆ ಎಂದುಕೊಂಡೆ. ದಿನಕ್ಕೆ ಇಪ್ಪತ್ತು ಸಲ ಆ ಸ್ಟೂಲು ನೋಡುತ್ತಿದ್ದೆ. ಸ್ಟೂಲಿಗಾಗಿ ಹೀಗೆ ಹಂಬಲಿಸಿದವನು ನಮ್ಮ ವಂಶದಲ್ಲೇ ಇರಲಿಕ್ಕಿಲ್ಲ.

ಇವತ್ತು ಶನಿವಾರ, ಅಂಕಲ್‌ಗೆ ರಜೆ. ವಿಭಾ ಮನೆಯಲ್ಲಿಲ್ಲದ ಹೊತ್ತು ನೋಡಿ ಬೆಳಿಗ್ಗೆಯೇ ಹೋದೆ. ಅವಳಿಗೆ ನಿಜ ಹೇಳಿದರೆ ಆಯುಷ್ಯದಲ್ಲಿ ಸಿಕ್ಕ ಒಂದೇ ಹೊಗಳಿಕೆಯನ್ನು ಕಿತ್ತುಕೊಂಡಂತಾಗುತ್ತದೆ, ಅದಕ್ಕೆ ನಿಮ್ಮ ಹತ್ತಿರ ಬಂದೆ ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವರು ಎರಡು ಸಲ ಕೆಮ್ಮಿದರು.

"ಅವತ್ತು ಸಂಜೆ ಬಂದು ಥ್ಯಾಂಕ್ಸ್ ಅಪ್ಪ ಅಂದ್ಲು. ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ. ಕೇಳಿದ್ರೆ ವಾಪಸ್ ತಗೊಂಡ್ಬಿಡ್ತಾಳೇನೋ ಅಂತ ಹ್ಞೂಂ ಅಂದ್ಬಿಟ್ಟೆ."

ಒಂದೇ ಕಟಕಟೆಯ ಇಬ್ಬರು ಆರೋಪಿಗಳಂತೆ ಸೋಫಾದಲ್ಲಿ ಕೂತೆವು. ಕೊನೆಗೆ ಅಂಕಲ್, "ಏನಂದೆ ನಾನು?" ಎಂದು ಕೇಳಿದರು. ನನ್ನ ದನಿಯಲ್ಲೇ ಹೇಳಿದೆ. ಅದನ್ನು ಪೇಪರಿನ ಅಂಚಿನಲ್ಲಿ ಚೆಕ್‌ಲಿಸ್ಟಿನಂತೆ ಬರೆದುಕೊಂಡು, ಲ್ಯಾಂಡ್‌ಲೈನಿನ ಸ್ಪೀಕರ್ ಒತ್ತಿ, ಮಗಳಿಗೆ ಫೋನ್ ಮಾಡಿದರು. ಕಾರ್ಖಾನೆಯನ್ನೇ ನಡುಗಿಸುವ ದನಿ "ಹೆಮ್ಮೆ"ಯ ಹತ್ತಿರ ಬಂದು ಎರಡು ಸಲ ಎಡವಿತು.

"ಸುಹಾಸ, ಈ ಸಲ ಚೆನ್ನಾಗಿಲ್ಲ ಕಣೋ," ಎಂದಳು ವಿಭಾ. "ನಮ್ಮಪ್ಪ ಹೀಗೆಲ್ಲ ತಡವರಿಸಲ್ಲ. ಹೋದ ಸಲದ್ದೇ ವಾಸಿ, ಸಂಜೆ ಅಪ್ಪ ಬರೀ ಹ್ಞೂಂ ಅನ್ನೋವರೆಗೂ ನಂಬಿದ್ದೆ."

ಅಂಕಲ್ ನನ್ನನ್ನು ಕೆಟ್ಟುಹೋದ ಫೈರ್ ಅಲಾರಂ ನೋಡುವಂತೆ ನೋಡಿದರು. ನಾನು ಫೋನಿನ ಕಡೆ ಬಗ್ಗಿದೆ. "ವಿಭಾ, ಅದು ನಾನಲ್ಲ. ನಾನು ಪಕ್ಕದಲ್ಲಿ ನಿಂತಿದೀನಿ."

ಆ ಕಡೆ ಸ್ಟೂಲು ಎಳೆದ ಸದ್ದು. "ಅಪ್ಪ?" ಎಂದಳು, ನಾನು ಎಂದೂ ಕೇಳಿರದ, ತೆಗೆಯಲೂ ಬಾರದ ದನಿಯಲ್ಲಿ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ನಾನು ಹಾಕರ್ ಸೆಂಟರ್ ತಲುಪುವಷ್ಟರಲ್ಲಿ ಅವಳು ಮನೆಯ ದಾರಿ ಹಿಡಿದಾಗಿತ್ತು. ನನ್ನ ಸ್ಟೂಲಿನ ಮೇಲೆ ಪೊಟ್ಟಣ ಇತ್ತು. ನನ್ನ ಫೋನಿನಲ್ಲಿ ಅವಳ ಒಂದು ಮೆಸೇಜು: "ಅಪ್ಪ ಇನ್ನೊಂದ್ಸಲ ಹೇಳ್ತಿದಾರೆ. ನನ್ ಸೀಟು ಹಿಡಿದಿರು." ಪೊಟ್ಟಣವನ್ನು ಅವಳ ಸ್ಟೂಲಿಗೆ ವರ್ಗಾಯಿಸಿ ಎದುರಿಗೆ ಕೂತೆ. ಈ ಸಾಲುಗಳನ್ನು ಬರೆಯುತ್ತಿರುವುದು ಅಲ್ಲೇ, ನೀತಿನಿಯಮಗಳ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ. ಊಟದ ಹೊತ್ತಾಗಿ ಜನ ತುಂಬಿದ್ದಾರೆ. ನೂಡಲ್ ಸೂಪಿನ ಟ್ರೇ ಹಿಡಿದ ಹಿರಿಯರೊಬ್ಬರು ಎರಡನೇ ಸಲ ಬಂದು, ಇಲ್ಲಿ ನಿಜವಾಗಿಯೂ ಯಾರಾದರೂ ಇದ್ದಾರಾ ಎಂದು ಕೇಳುತ್ತಿದ್ದಾರೆ. ಹತ್ತು ದನಿಗಳಲ್ಲಿ ಅವರನ್ನು ಸಾಗಹಾಕಬಲ್ಲೆ. ಆದರೂ ನನ್ನದೇ ತೆಳು ದನಿಯಲ್ಲಿ, ಬರುತ್ತಾಳೆ ಅಂಕಲ್, ಎಂದೆ.

ನನ್ನ ಅರಿವು ಮತ್ತು ನಂಬಿಕೆಯ ಮಟ್ಟಿಗೆ ಇದು ಸತ್ಯ.