ಕಣ್ಣ ಕೆಳಗಿನ ಕಪ್ಪು

ಹೆಂಗಸರ ಸುಸ್ತನ್ನು ಮನೆಯಲ್ಲಿ ಯಾರೂ ವಿಚಾರಿಸುವುದಿಲ್ಲ ಎಂದು ನಾನು ಬಹಳ ವರ್ಷ ಗೊಣಗಿದ್ದೇನೆ. ವಿಚಾರಿಸುವವರು ಸಿಕ್ಕರೆ ಅದು ಇನ್ನೂ ದೊಡ್ಡ ಸುಸ್ತು ಎಂದು ಗೊತ್ತಾದದ್ದು ಮಗಳು ಸಿಂಚನಾ ಫೋಟೋಗ್ರಫಿ ಓದಲು ಸೇರಿದ ಮೇಲೆ. ಓದಲು ಅಂದೆನಲ್ಲ, ಅವಳು ಪುಸ್ತಕ ಮುಟ್ಟಿದ್ದನ್ನು ನಾನು ಕಂಡಿಲ್ಲ. ಮುಟ್ಟುವುದೆಲ್ಲ ನನ್ನ ಸಾಮಾನೇ. ಬನಶಂಕರಿಯ ನಮ್ಮ ಪುಟ್ಟ ಹಾಲಿನಲ್ಲಿ ಈಗ ಟೇಬಲ್ ಲ್ಯಾಂಪಿಗೆ ನಾನು ಹೋಳಿಗೆ ತಟ್ಟುವ ಬಟರ್ ಪೇಪರ್ ಅಂಟಿಕೊಂಡಿದೆ. ಬೆಳಕು ಮೆತ್ತಗಾಗಲಿ ಅಂತ. ಗೌರಿ ಹಬ್ಬದ ಮಂಟಪದ ಥರ್ಮೋಕೋಲನ್ನು ನಮ್ಮೆಜಮಾನರು ಎದೆಗವಚಿ ನಿಲ್ಲಬೇಕು. ಬೆಳಕು ತಿರುಗಿ ಬರಲಿ ಅಂತ. ಅವರು ನಿಂತಲ್ಲೇ ತೂಕಡಿಸುತ್ತಾರೆ, ಬೆಳಕು ಸೋಫಾದ ಕಾಲಿಗೆ ಬೀಳುತ್ತದೆ. ನನ್ನ ಕೆಲಸ ಸುಮ್ಮನೆ ಕೂರುವುದು. ಕುಕ್ಕರ್ ಕೂಗಿದರೂ ಏಳುವಂತಿಲ್ಲ.

ಈ ಸೆಮಿಸ್ಟರಿಗೆ ಒಂದೇ ದೀಪದಲ್ಲಿ ಒಂದು ಮುಖ ತೆಗೆದು ಒಪ್ಪಿಸಬೇಕಿತ್ತು. ತೆಗೆದದ್ದನ್ನು ಅವಳು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಿದ್ದಾಗ ಕಾಫಿ ಕೊಡುವ ನೆಪದಲ್ಲಿ ಹಿಂದೆ ನಿಂತೆ. ಕಪ್ಪು ಹಿನ್ನೆಲೆ, ಅರ್ಧ ಮುಖ. ಹಾರ ಒಂದು ಕಮ್ಮಿ, ಇಲ್ಲದಿದ್ದರೆ ಗೋಡೆಗೆ ಹಾಕಿಬಿಡಬಹುದಿತ್ತು ಎಂದರು ಯಜಮಾನರು. ಕಣ್ಣ ಕೆಳಗಿನ ಕಪ್ಪನ್ನಾದರೂ ಅಳಿಸೇ ಎಂದೆ. ಅಳಿಸಿದಳು. ಆಗ ಹಣೆಯ ಗೆರೆ ಎದ್ದು ಕಂಡಿತು. ಅದು ಹೋದ ಮೇಲೆ ಕತ್ತು. ಗೋಡೆ ಒರೆಸಿದವರಿಗೆ ಗೊತ್ತು, ಒಂದು ಕಡೆ ಒರೆಸಿದರೆ ಪಕ್ಕದ್ದು ಕೊಳೆ. ಕೊನೆಗೆ ಅಲ್ಲಿ ನನ್ನ ಸೀರೆ ಉಟ್ಟುಕೊಂಡು ಬೇರೆ ಯಾರೋ ಕೂತಿದ್ದಳು.

ಕ್ಲಾಸಿನಲ್ಲಿ ಎಲ್ಲರೆದುರು ಫೋಟೋ ತೂಗುಹಾಕಿ ಟೀಕೆ ಮಾಡುತ್ತಾರಂತೆ. "ಇದು ಸೀರೆ ಅಂಗಡಿ ಬೊಂಬೆ. ಹೋಗಿ ಮನುಷ್ಯರನ್ನ ತೆಗೆದುಕೊಂಡು ಬಾ" ಎಂದರಂತೆ ಅವಳ ಮೇಡಂ. ಸೋಮವಾರ ಇನ್ನೊಂದು ಒಪ್ಪಿಸದಿದ್ದರೆ ಫೇಲು. ಮಗಳು ಊಟ ಬಿಟ್ಟು ಮಲಗಿದಳು. ಅಳಿಸು ಎಂದವಳು ನಾನು. ನನಗೂ ಅನ್ನ ಇಳಿಯಲಿಲ್ಲ.

ಅದಕ್ಕೇ ಭಾನುವಾರ ನನ್ನ ಕರ್ತವ್ಯ ನಾನು ಮಾಡಿದೆ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಹೊಡೆದೆ, ಕಡಲೆಹಿಟ್ಟು ಹಚ್ಚಿ ಮುಖ ತೊಳೆದೆ, ರೇಷ್ಮೆ ಸೀರೆ ಉಟ್ಟು ಬಂದು ಕೂತೆ. ಮಗಳು ದೀಪ ಹಾಕಿ ನೋಡಿ ತಲೆ ಮೇಲೆ ಕೈ ಹೊತ್ತಳು.

"ಅಮ್ಮಾ, ನಿನ್ನ ಸುಸ್ತೆಲ್ಲಿ?"

"ಮಲಗೆದ್ದೆ ಕಣೇ, ಹೋಯ್ತು."

"ದಿನಾ ಇರುತ್ತಲ್ಲಮ್ಮ. ಇವತ್ತೇ ಯಾಕೆ ಮಲಗಿದೆ?"

ಹಳೇ ಕಾಟನ್ ಸೀರೆ ಉಡಿಸಿ, ಬೇಜಾರಿನದೇನಾದರೂ ನೆನೆಸಿಕೋ ಎಂದಳು. ಇಟ್ಟಮಡುವಿನ ನನ್ನ ಓರಗಿತ್ತಿಯನ್ನು ನೆನೆಸಿಕೊಂಡೆ. ಸಿಟ್ಟು ಬಂತು, ಸುಸ್ತು ಬರಲಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನೆಸಿಕೊಂಡೆ. ಬಸ್ಸಿನಲ್ಲಿ ಕೂತಂತಾಗಿ ಮತ್ತೆ ನಿದ್ದೆಯೇ ಬಂತು. ಬೇಡದಿದ್ದಾಗ ಹೆಗಲೇರಿ ಕೂರುವ ಸುಸ್ತು ಕರೆದಾಗ ಬರಬೇಕಲ್ಲ! ಹೊರಗೆ ಕತ್ತಲಾಯಿತು. ಯಜಮಾನರು ಥರ್ಮೋಕೋಲು ಮುರಿದರು. ಮಗಳ ಕಣ್ಣಲ್ಲಿ ನೀರು ತುಂಬಿತು. ಕ್ಯಾಮೆರಾ ಕೈಯಲ್ಲೇ ಇತ್ತು.

"ಹೋಗ್ಲಿ ಬಿಡಮ್ಮ, ಏಳು. ರಾತ್ರಿಗೆ ಏನು ಅಡುಗೆ?" ಎಂದಳು.

ನಾನು ಅವಳ ಕಡೆ ನೋಡಿದೆ ಅಷ್ಟೇ. ಅವಳು ಕ್ಯಾಮೆರಾ ಎತ್ತಿದಳು. ಟಕ್ ಎಂದಿತು.

ಅದು ಪಾಸಾಯಿತು. ದೀಪ ಎಲ್ಲಿಟ್ಟಿದ್ದೆ ಎಂದು ಮೇಡಂ ಕೇಳಿದರೆ, ದೀಪದ್ದೇನಿಲ್ಲ, ಅಡುಗೆ ಕೇಳಿದೆ ಎಂದಳಂತೆ. ಈಗ ಕಾಲೇಜಿನ ಗೋಡೆಯ ಮೇಲೆ ಕಪ್ಪು, ಗೆರೆ, ಕತ್ತು ಸಮೇತ ನಾನಿದ್ದೇನೆ, ಹಾರವಿಲ್ಲದೆ. ಹೋಗಿ ನೋಡಿ ಬಂದೆ, ಹೆಮ್ಮೆಯೇ ಆಯಿತು.

ವಾಟ್ಸಾಪಿಗೆ ಮಾತ್ರ ಸೀರೆ ಅಂಗಡಿ ಬೊಂಬೆಯನ್ನೇ ಹಾಕಿಕೊಂಡಿದ್ದೇನೆ. ಯಾವ ಕ್ರೀಮು ಅಕ್ಕಾ ಎಂದು ಓರಗಿತ್ತಿ ಕೇಳಿದ್ದಳು. ಕಡಲೆಹಿಟ್ಟು ಎಂದು ಉತ್ತರ ಕಳಿಸಿ, ಅಡುಗೆಮನೆಗೆ ಹೋದೆ.