ದೀಪಸ್ತಂಭದ ಡಾಕ್ಟರ್

ಟೀವಿಯಲ್ಲಿ ಡಾಕ್ಟರ್ ಪಾತ್ರ ಮಾಡಿದವರಲ್ಲಿ ಆತನಷ್ಟು ದೊಡ್ಡ ನಟ ಇನ್ನೊಬ್ಬನಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಬ್ರಿಟನ್ನಿನ ಪತ್ರಿಕೆಗಳು ನಂಬಿದ್ದವು, ಆಸ್ಟ್ರೇಲಿಯಾದ ಮಧ್ಯಾಹ್ನದ ಟೀವಿ ಪ್ರೇಕ್ಷಕರು ನಂಬಿದ್ದರು, ನಾನೂ ನಂಬಿದ್ದೆ. ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಬೇರೇನೂ ಬರದಿದ್ದರೂ ಅನುಮಾನ ಪಡುವುದು ಬರುತ್ತದೆ.

ಎರಡು ಸಾವಿರದ ದಶಕದ ಕೊನೆಯ ಮಾತು. ನಾನು ಸಿಡ್ನಿಯಲ್ಲಿ ಇನ್ನೊಂದು ಪದವಿ ಮುಗಿಸಿ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಕಾಯುತ್ತಿದ್ದೆ. ಕಾಯುವವರಿಗೆ ಸಿಗುವಂಥ ಕೆಲಸವೇ ಸಿಕ್ಕಿತ್ತು: ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಡ್ರೆಸ್ಸರ್. ಅಂದರೆ ನಟನಿಗೆ ಕೋಟು ತೊಡಿಸುವುದು, ಬಿಚ್ಚುವುದು, ಉಳಿದ ಹೊತ್ತಿನಲ್ಲಿ ಆತನ ಕಾರು ಓಡಿಸುವುದು. ಈ ಕೆಲಸದಲ್ಲಿ ಕೆಳಗಿನಂಥ ಪ್ರಸಂಗಗಳು ತಾವಾಗಿಯೇ ಬಂದು ಮೈಮೇಲೆ ಬೀಳುತ್ತವೆ. ಮೊದಮೊದಲು ತಡೆಯಲು ನೋಡಿದೆ. ಆಮೇಲೆ ದಾರಿ ಬಿಟ್ಟು ನಿಂತೆ.

ಭುಜ

ಆತ ಬ್ರಿಟನ್ನಿನ ಆಸ್ಪತ್ರೆ ಧಾರಾವಾಹಿಯೊಂದರಲ್ಲಿ ವರ್ಷಗಟ್ಟಲೆ ಹಿರಿಯ ಸರ್ಜನ್ ಆಗಿದ್ದವನು. ಧಾರಾವಾಹಿ ಮುಗಿದು ಎಷ್ಟೋ ಕಾಲವಾಗಿತ್ತು. ಆಸ್ಟ್ರೇಲಿಯಾದಲ್ಲಿ ಮಾತ್ರ ದಿನಾ ಮಧ್ಯಾಹ್ನ ಮರುಪ್ರಸಾರ.

ನಮ್ಮ ಕಂಪನಿಯ ನಾಟಕಕ್ಕಾಗಿ ಸಿಡ್ನಿಗೆ ಬಂದಿಳಿದ ದಿನ ಎಲ್ಲ ಪ್ರಯಾಣಿಕರೂ ಹೊರಬಂದರು, ಆತ ಬರಲಿಲ್ಲ. ಕೊನೆಗೆ ಬಂದು ಕಾರಿನಲ್ಲಿ ಕೂತು ನಡೆದದ್ದನ್ನು ಹೇಳಿದ. ತಿಂಡಿ ತಿನಿಸು ತಪಾಸಣೆ ಮಾಡುವ ಅಧಿಕಾರಿ ಚೀಲ ಬಿಡಿಸಿದವನು ಮುಖ ನೋಡಿ ಚೀಲ ಮುಚ್ಚಿದನಂತೆ.

"ಡಾಕ್ಟರ್, ನನ್ನ ಬಲಭುಜ ಮೇಲೇಳುತ್ತಿಲ್ಲ."

"ನಾನು ನಟ."

"ಗೊತ್ತು ಬಿಡಿ. ಆದರೂ ಎಷ್ಟೋ ಭುಜ ನೋಡಿರುತ್ತೀರಲ್ಲ."

ಬೇಗ ತಪ್ಪಿಸಿಕೊಳ್ಳಲೆಂದು ಆತ "ಎಲ್ಲಿ, ಕೈ ಎತ್ತಿ" ಅಂದ. ಅಧಿಕಾರಿ ಕೈ ಎತ್ತಿದ. ಹಿಂದೆ ಸಾಲಿನಲ್ಲಿದ್ದವರು, ಇದು ಈ ದೇಶದ ಹೊಸ ನಿಯಮವಿರಬೇಕೆಂದು, ಒಬ್ಬೊಬ್ಬರಾಗಿ ಎರಡೂ ಕೈ ಎತ್ತಿ ನಿಂತರು.

ನಾನು ನಕ್ಕೆ. ಆತ ನಗಲಿಲ್ಲ. "ನೋಡು," ಅಂದ, "ನಾನು ಇಷ್ಟು ದೂರ ಬಂದಿರುವುದು ಒಂದೇ ಕಾರಣಕ್ಕೆ. ಸಿಡ್ನಿ, ಮೆಲ್ಬರ್ನ್, ಈ ಎರಡು ಊರುಗಳಲ್ಲಿ ಒಬ್ಬ ವಿಮರ್ಶಕ, ಒಬ್ಬನೇ ಸಾಕು, ಆ ಡಾಕ್ಟರನ್ನು ಮರೆತು 'ಈತ ನಟ' ಅಂತ ಬರೆಯಬೇಕು. ಆಮೇಲೆ ನಾನು ಮನೆಗೆ ಹೋಗಿ ಗುಲಾಬಿ ಗಿಡಕ್ಕೆ ನೀರು ಹಾಕಿಕೊಂಡು ಇರುತ್ತೇನೆ."

ಸೊಸೆ

ನಾನಿದ್ದದ್ದು ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ, ಹುಬ್ಬಳ್ಳಿಯ ದಂಪತಿಯ ಹೊಸ ಮನೆಯ ಒಂದು ರೂಮಿನಲ್ಲಿ. ಅವರಿಬ್ಬರೂ ಮಾರ್ಟ್‌ಗೇಜ್ ಸಾಲ ತೀರಿಸಲು ಬೆಳಗಾಗುವ ಮೊದಲೇ ಕಾರು ಹತ್ತಿ ಹೋಗುತ್ತಿದ್ದರು. ವಿಸಿಟರ್ ವೀಸಾದಲ್ಲಿ ಬಂದಿದ್ದ ಗಂಡನ ತಾಯಿ ಮನೆಯಲ್ಲಿ. ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಆಂಟಿಗೆ ಇಂಗ್ಲಿಷ್ ಬಾರದು. ಆದರೆ ಆ ಧಾರಾವಾಹಿಯ ಒಂದು ಕಂತನ್ನೂ ಬಿಡುತ್ತಿರಲಿಲ್ಲ.

"ಭಾಷೆ ತಿಳಿಯದೆ ಏನು ನೋಡ್ತೀರಿ ಆಂಟಿ?"

"ಭಾಷಾ ಯಾಕ ಬೇಕೋ ತಮ್ಮಾ? ಮಾರಿ ನೋಡಿದ್ರ ತಿಳೀತದ. ಆ ದೊಡ್ಡ ನರ್ಸ್ ಅದಾಳಲ್ಲ, ಅಕಿ ಈ ಡಾಕ್ಟರನ ಸೊಸಿ. ಆಸ್ತಿ ಸಲುವಾಗಿ ಮಾವನ ಬೆನ್ನ ಹತ್ಯಾಳ. ದಿನಾ ಒಂದು ಕಾಗದ ತಂದು ಸಹಿ ಮಾಡಿಸ್ಕೊಂಡು ಹೋಗ್ತಾಳ. ಇಂವಾ ಓದದನ ಸಹಿ ಮಾಡ್ತಾನ. ಮಂದಿ ಜೀವಾ ಉಳಸೂದ್ರಾಗ ಮನಿ ಹಾಳಾತು."

ಇದನ್ನು ನಟನಿಗೆ ಹೇಳಿದಾಗ ಆತ ಮೊದಲ ಬಾರಿ ನಕ್ಕ. ಈ ಹೆಂಗಸನ್ನು ನೋಡಲೇಬೇಕು ಅಂದ. ಒಂದು ಭಾನುವಾರ ಕರೆದುಕೊಂಡು ಹೋದೆ. ಆಂಟಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವಲಕ್ಕಿ ತಂದಿಟ್ಟು ನೇರ ವಿಷಯಕ್ಕೆ ಬಂದರು.

"ಇನ್ನ ಮ್ಯಾಲೆ ಅಕಿ ಏನ ತಂದ್ರೂ ಸಹಿ ಮಾಡಬ್ಯಾಡ್ರಿ ಅಂತ ಹೇಳು."

ಹೇಳಿದೆ. ಆತ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಆಮೇಲೆ, ಸ್ವಲ್ಪ ಸಂಕೋಚದಿಂದ, "ನನ್ನ ನಟನೆ ಹೇಗನ್ನಿಸಿತು ಕೇಳು" ಅಂದ.

ಆಂಟಿ ಹುಬ್ಬೇರಿಸಿದರು. "ನಟನಿ? ಇಂವಾ ಎಲ್ಲಿ ನಟನಿ ಮಾಡ್ತಾನ? ಉಳದವರೆಲ್ಲಾ ಮಾಡ್ತಾರ. ಇಂವಾ ಸುಮ್ನ ತನ್ನ ಕೆಲಸ ತಾ ಮಾಡ್ಕೋತ ಇರ್ತಾನ."

ಭಾಷೆ ಬಾರದವರ ಮುಗ್ಧ ವಿಮರ್ಶೆ ಎಂದುಕೊಂಡು, "ನಿಮ್ಮದು ಬಹಳ ಸಹಜ ಅಭಿನಯ ಅನ್ನುತ್ತಿದ್ದಾರೆ" ಎಂದು ಅನುವಾದಿಸಿದೆ. ಆತ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಿ, "ನಿಜವಾಗಿ ಏನಂದರು?" ಎಂದು ಕೇಳಿದ. ನಾನು ಚಹಾ ತರಲು ಎದ್ದೆ.

ಮರುದಿನ ಮಧ್ಯಾಹ್ನ ಟೀವಿಯಲ್ಲಿ ಆತ ಎಂದಿನಂತೆ ಸಹಿ ಮಾಡಿದ. "ನನ್ನ ಮನ್ಯಾಗ ಕುಂತು, ನನ್ನ ಅವಲಕ್ಕಿ ತಿಂದು, ಮಾತು ಕೊಟ್ಟು ಹೋಗ್ಯಾನ!" ಎಂದು ಆಂಟಿ ಸಿಟ್ಟಾದರು. ಆ ಸಿಟ್ಟು ಇಳಿಯುವ ತನಕ ನನಗೂ ಅವಲಕ್ಕಿ ಇರಲಿಲ್ಲ.

ಬ್ಯಾಂಡೇಜು

ನಾಟಕದಲ್ಲಿ ಆತನದು ಕಡಲತೀರದ ದೀಪಸ್ತಂಭ ಕಾಯುವ ಮುದುಕನ ಪಾತ್ರ. ಬಿರುಗಾಳಿ, ಮುನಿಸಿಕೊಂಡ ಮಗಳು, ದಡಕ್ಕೆ ಬಿದ್ದ ಗಾಯಾಳು ನಾವಿಕ, ಕೊನೆಯಲ್ಲಿ ಪಶ್ಚಾತ್ತಾಪ. ಇಂಥ ನಾಟಕಗಳಲ್ಲಿ ಕೊನೆಯಲ್ಲಿ ಪಶ್ಚಾತ್ತಾಪ ಇದ್ದೇ ಇರುತ್ತದೆ.

ನಾವಿಕನ ಕೈಗೆ ಬ್ಯಾಂಡೇಜು ಕಟ್ಟುವ ದೃಶ್ಯದಲ್ಲಿ ನಿರ್ದೇಶಕಿ ತಾಲೀಮು ನಿಲ್ಲಿಸಿದಳು.

"ನೀವು ದೀಪ ಕಾಯುವ ಮುದುಕ. ನಿಮಗೆ ಇಷ್ಟು ಚೆನ್ನಾಗಿ ಕಟ್ಟಲು ಬರಬಾರದು. ಕೆಟ್ಟದಾಗಿ ಕಟ್ಟಿ."

ಆತ ಮತ್ತೆ ಕಟ್ಟಿದ. ಅಂಗಡಿಯ ಉಡುಗೊರೆ ಪೊಟ್ಟಣದ ಹಾಗಿತ್ತು.

"ಇನ್ನೂ ಕೆಟ್ಟದಾಗಿ."

ಆತನ ಹಣೆಯಲ್ಲಿ ಬೆವರು. ಎಡಗೈಯಲ್ಲಿ ಕಟ್ಟಿದ, ಕತ್ತಲೆ ಮಾಡಿಸಿ ಕಟ್ಟಿದ, ಬೇರೆ ಕಡೆ ನೋಡುತ್ತಾ ಕಟ್ಟಿದ. ಪ್ರತಿ ಸಲವೂ ಅಷ್ಟೇ ಅಚ್ಚುಕಟ್ಟು. ಕೊನೆಗೆ ನಿರ್ದೇಶಕಿ ಸೋತು, ನಾಟಕದ ಮೊದಲ ಅಂಕಕ್ಕೆ ಒಂದು ಸಾಲು ಸೇರಿಸಿದಳು: ಮುದುಕ ಹಿಂದೆ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ್ದ.

ಬ್ಯಾಂಡೇಜು ಬಿಟ್ಟರೆ ಉಳಿದದ್ದು ಒದ್ದಾಟ. ಮಗಳ ಪಾತ್ರದ ಹುಡುಗಿ ನನ್ನ ಬಳಿ ಬಂದು ದೂರಿದಳು: "ಕೊನೆಯ ದೃಶ್ಯದಲ್ಲಿ ನನ್ನ ಕೈ ಹಿಡಿದು ಅಳಬೇಕು. ಅಳುತ್ತಾ ಎರಡು ಬೆರಳಿಟ್ಟು ನಾಡಿ ನೋಡುತ್ತಾರೆ. ನನಗೇ ಭಯವಾಗುತ್ತೆ, ಏನಾದರೂ ಆಗಿದೆಯಾ ಅಂತ."

ಮೊದಲ ಪ್ರದರ್ಶನವಾದ ಮೇಲೆ ಸಿಡ್ನಿಯ ವಿಮರ್ಶಕನೊಬ್ಬ ಬರೆದ: ಬಿರುಗಾಳಿಗೆ ಕಾಯುತ್ತಿರುವ ಈ ಮುದುಕ ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯುವವನಂತೆ ಕಾಣುತ್ತಾನೆ. ಟೀವಿಯ ಡಾಕ್ಟರ್ ಮಹಾನಟ. ಆ ಮಹಾನಟನನ್ನು ಯಾರಾದರೂ ಕರೆತನ್ನಿ.

ಆತ ಅದನ್ನು ಓದಿ ಕೋಟು ತೊಡಲು ಕೈ ಚಾಚಿದ. ತೊಡಿಸಿದೆ. "ಇನ್ನೂ ಮೆಲ್ಬರ್ನ್ ಇದೆ," ಅಂದ.

ಸನ್ಮಾನ

ಮೆಲ್ಬರ್ನ್‌ನಲ್ಲಿ ಟಿಕೆಟ್ಟುಗಳು ಖರ್ಚಾಗುತ್ತಿರಲಿಲ್ಲ. ಕೊನೆಯ ಪ್ರದರ್ಶನಕ್ಕೆ ಅಲ್ಲಿನ ದೊಡ್ಡ ವಿಮರ್ಶಕ ಬರುವುದು ಖಚಿತವಾಗಿತ್ತು. ಖಾಲಿ ಸಭಾಂಗಣದಲ್ಲಿ ಆತ ಏನು ನೋಡಿಯಾನು ಎಂಬ ಚಿಂತೆ ನಟನಿಗೆ.

ಆಗ ಅಲ್ಲಿನ ಹೊರವಲಯದ ವಿಂಡಮ್ ವೇಲ್‌ನ ಕನ್ನಡ ಕೂಟವೊಂದರ ಅಧ್ಯಕ್ಷರು ನನಗೆ ಫೋನ್ ಮಾಡಿದರು. ಬೆಂಗಳೂರಿನವರು, ಐಟಿಯಲ್ಲಿದ್ದರು. ಊರಿಗೆ ಹೋಗಿ ಆಗಷ್ಟೇ ವಾಪಸಾಗಿದ್ದರು. ಬರುವಾಗ ಮೈಸೂರು ಪೇಟ, ಶಾಲು ತಂದಿದ್ದರು. ನಮ್ಮವರ ಕೈಗೆ ಶಾಲು ಬಂದರೆ ಹೆಗಲು ಸಿಗುವವರೆಗೆ ನೆಮ್ಮದಿಯಿಲ್ಲ.

"ಗುರು, ನಿಮ್ ಡಾಕ್ಟ್ರಿಗೆ ಒಂದ್ ಸನ್ಮಾನ ಮಾಡ್ಬಿಡೋಣ. ಲಾಸ್ಟ್ ಶೋಗೆ ಫುಲ್ ಹೌಸ್ ನನ್ ಜವಾಬ್ದಾರಿ."

"ಡಾಕ್ಟರ್ ಅನ್ನಬಾರದು. ನಟ ಅನ್ನಬೇಕು. ಅದೊಂದೇ ಷರತ್ತು."

"ಡೋಂಟ್ ವರಿ! 'ರಂಗಭೂಮಿ ಕಲಾವಿದರು' ಅಂತ್ಲೇ ಅನೌನ್ಸ್ ಮಾಡ್ತೀವಿ."

ಮಾತಿಗೆ ತಪ್ಪಲಿಲ್ಲ. ವೇದಿಕೆಯಲ್ಲಿ ಒಬ್ಬರೂ ಡಾಕ್ಟರ್ ಅನ್ನಲಿಲ್ಲ. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಕ್ರಮವಾಗಿ ನಡೆಯಿತು. ಆತನ ಕಣ್ಣು ತುಂಬಿತ್ತು. ಆದರೆ ಮುಂದಿನ ಸಾಲುಗಳಲ್ಲಿ ಕೂತಿದ್ದ, ಮಕ್ಕಳ ಮನೆಗೆ ಬಂದ ತಂದೆತಾಯಿಯರ ತೊಡೆಯ ಮೇಲೆ ಬಟ್ಟೆಯ ಚೀಲಗಳಿದ್ದವು. ವಿದೇಶಕ್ಕೆ ಹೊರಟ ನಮ್ಮ ಹಿರಿಯರು ಉಪ್ಪಿನಕಾಯಿ ಮರೆತಾರು, ಎಕ್ಸ್‌ರೇ ಮರೆಯುವುದಿಲ್ಲ. ಸನ್ಮಾನ ಮುಗಿದ ಕೂಡಲೇ ಚೀಲಗಳು ಎದ್ದು ಸಾಲಾಗಿ ನಿಂತವು. ಕ್ರಾನ್‌ಬರ್ನ್‌ನಿಂದ ಇಡೀ ಊರು ದಾಟಿ ಬಂದವರೂ ಇದ್ದರು.

"ನಾನು ನಟ," ಅಂದ ಆತ, ಪೇಟ ಸರಿಮಾಡಿಕೊಂಡು.

"ಗೊತ್ತು ಸರ್. ಸುಮ್ನೆ ಒಂದ್ ಒಪೀನಿಯನ್."

ಮೊಣಕಾಲು ನೋವಿನ ಒಬ್ಬ ಅಜ್ಜಿಯ ಪರವಾಗಿ ಮೊಮ್ಮಗಳು ವಕಾಲತ್ತು ವಹಿಸಿದಳು: "ಅಜ್ಜಿಗೆ ನೀ ಪೇನ್. ಲೈಕ್, ಫಾರೆವರ್." ಅಜ್ಜಿ ಎಕ್ಸ್‌ರೇಯನ್ನು ತಲೆಕೆಳಗಾಗಿ ದೀಪಕ್ಕೆ ಹಿಡಿದರು. ಆತ ಬೇರೆಲ್ಲೋ ನೋಡುತ್ತಲೇ ಅದನ್ನು ತಿರುಗಿಸಿ ಸರಿಯಾಗಿ ಹಿಡಿಸಿದ.

ಅಧ್ಯಕ್ಷರಿಗೆ ಅವಮಾನವಾಯಿತು. ರೇಷ್ಮೆ ಪಂಚೆ ಸರಸರ ಅನ್ನಿಸುತ್ತಾ ಬಂದು ಗದರಿದರು. "ರೀ, ಅವರು ಆ್ಯಕ್ಟರ್ ಕಣ್ರೀ! ಎಜುಕೇಟೆಡ್ ಮಕ್ಕಳನ್ನ ಹೆತ್ತವರು ಹಿಂಗ್ ಮಾಡೋದಾ? ಹೋಗಿ, ಊಟ ರೆಡಿ ಇದೆ." ಸಾಲು ಗೊಣಗುತ್ತಾ ಚದುರಿತು. ಕೊನೆಯ ಚೀಲ ಊಟದ ಮನೆ ಸೇರುವ ತನಕ ಅಧ್ಯಕ್ಷರು ಕಾದರು. ಆಮೇಲೆ ಪಂಚೆ ಮೊಣಕಾಲಿನವರೆಗೆ ಎತ್ತಿದರು.

"ಸಾರಿ ಸರ್. ಒಂದೇ ಒಂದ್ ನಿಮಿಷ. ಈ ಕಾಲು ಯಾಕೋ ಊದ್ಕೊಂಡಿದೆ."

ಆತ "ನಾನು ನಟ" ಎನ್ನಲು ಬಾಯಿ ತೆರೆದ. ಕಾಲು ನೋಡಿದ. ಬಾಯಿ ಮುಚ್ಚಿದ. ಬಗ್ಗಿ ಹೆಬ್ಬೆರಳಿನಿಂದ ಮೀನಖಂಡ ಒತ್ತಿದ.

"ವಿಮಾನದಿಂದ ಇಳಿದು ಎಷ್ಟು ದಿನವಾಯಿತು?"

"ಮೊನ್ನೆ."

"ಎಮರ್ಜೆನ್ಸಿಗೆ ಹೋಗಿ. ಈಗಲೇ. ಕಾರು ನೀವು ಓಡಿಸಬೇಡಿ."

ಆ ದನಿ ಕೇಳಿ ಯಾರೂ ವಾದಿಸಲಿಲ್ಲ. ಅಧ್ಯಕ್ಷರು ಬಿಸಿಬೇಳೆಬಾತು ಬಿಟ್ಟು ಹೋದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಡವಾಗಿದ್ದರೆ ಶ್ವಾಸಕೋಶಕ್ಕೆ ಏರುತ್ತಿತ್ತಂತೆ. ಆಸ್ಪತ್ರೆಯ ಹಾಸಿಗೆಯಿಂದ ನನಗೆ ಫೋನ್ ಬಂತು.

"ಆ್ಯಕ್ಟಿಂಗ್ ಅಂದ್ರೆ ಇದಪ್ಪಾ ಗುರು! ಪಾತ್ರ ರಕ್ತಕ್ಕೇ ಇಳಿದ್ಬಿಟ್ಟಿದೆ!"

"ಕಾಕತಾಳೀಯ," ಅಂದೆ. "ಅಷ್ಟು ವರ್ಷ ಆ ಸೆಟ್‌ನಲ್ಲಿ ನಿಂತರೆ ಕ್ಯಾಮೆರಾ ಹಿಡಿದವನಿಗೂ ಇಷ್ಟು ಗೊತ್ತಾಗುತ್ತೆ."

"ಹಾಗಾದ್ರೆ ನಾಳೆ ಅವನಿಗೂ ಒಂದ್ ಶಾಲು," ಅಂದರು ಅಧ್ಯಕ್ಷರು.

ಕೊನೆಯ ಆಟ

ಅಧ್ಯಕ್ಷರ ಕಾಲು ಹಾಸಿಗೆಯ ಮೇಲಿತ್ತು, ಆದರೆ ಬಾಯಿ ಚೆನ್ನಾಗಿತ್ತು, ಕೈಯಲ್ಲಿ ಫೋನ್ ಇತ್ತು. ಕೊನೆಯ ಪ್ರದರ್ಶನಕ್ಕೆ ಸಭಾಂಗಣ ಭರ್ತಿ. ಅರ್ಧಕ್ಕರ್ಧ ನಮ್ಮವರು. ನಡುವೆ ವಿಮರ್ಶಕ, ಮಡಿಲಲ್ಲಿ ಯಾರದೋ ಕೂಸು ಬಿಟ್ಟ ಚಪ್ಪಲಿ.

ಮೊದಲ ಅಂಕದಲ್ಲಿ ಆತ ಬಿರುಗಾಳಿಯ ಮುಂದೆ ನಿಂತು ದೇವರನ್ನು ಬೈದ. ಕೆಮ್ಮುಗಳು ಕೇಳಿಸಿದವು. ಮಗಳ ಮೇಲೆ ಕೂಗಾಡಿದ. ಯಾರೋ ಚಕ್ಕುಲಿ ಮುರಿದರು. ಎರಡನೇ ಅಂಕದಲ್ಲಿ ನಾವಿಕನ ಕೈ ಹಿಡಿದು ಬ್ಯಾಂಡೇಜಿನ ಸುರುಳಿ ತೆಗೆದುಕೊಂಡ. ಚಕ್ಕುಲಿ ನಿಂತಿತು.

ಆತ ಸುತ್ತಿದ. ಅವಸರವಿಲ್ಲ, ಮಾತಿಲ್ಲ. ಗಂಟು ಬಿದ್ದ ಕೂಡಲೇ ನಮ್ಮವರು ಎದ್ದು ನಿಂತರು. ಚಪ್ಪಾಳೆ ನಿಲ್ಲಲೇ ಇಲ್ಲ. ಹಿನ್ನೆಲೆಯಲ್ಲಿ ಗುಡುಗಬೇಕಾದ ಗುಡುಗು ತಡೆದು ನಿಂತಿತು, ಮುಂದಿನ ಮಾತಿಗೆ ನಾವಿಕ ಬಾಯಿ ತೆರೆದೇ ಕಾದ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೂಗಿದರು:

"ಟೆಟನಸ್ ಇಂಜೆಕ್ಷನ್ ಮರೀಬೇಡಿ ಡಾಕ್ಟ್ರೇ!"

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವಾಗ, ಕೆಂಪು ದೀಪದಲ್ಲಿ ಕಾರು ನಿಲ್ಲಿಸಿ, ಪತ್ರಿಕೆ ಓದಿ ಹೇಳಿದೆ. "ಕೊನೆಗೂ ಈತ ಆ ಡಾಕ್ಟರನ್ನು ಮರೆಸಿದ್ದಾನೆ. ಗಾಯ ಕಟ್ಟುವ ದೃಶ್ಯದಲ್ಲಿ ನಾವು ಕಂಡದ್ದು ಅಭಿನಯದ ಶಿಖರ. ಈತ ನಟ."

ಬಯಸಿದ್ದ ಎರಡು ಪದ, ಬಯಸಿದ್ದ ಕ್ರಮದಲ್ಲೇ. "ಅಭಿನಂದನೆ," ಅಂದೆ.

"ಬಿರುಗಾಳಿಯ ದೃಶ್ಯದ ಬಗ್ಗೆ?"

"ಏನೂ ಇಲ್ಲ."

"ಮಗಳ ದೃಶ್ಯ?"

"ಇಲ್ಲ. ಬ್ಯಾಂಡೇಜು ಮಾತ್ರ."

ಆತ ತೊಡೆಯ ಮೇಲಿನ ಹಣ್ಣಿನ ಬುಟ್ಟಿಯನ್ನು ನೋಡುತ್ತಾ ಕೂತ. ದೀಪ ಹಸಿರಾಯಿತು. ಮಾತು ಬದಲಿಸೋಣವೆಂದು, ಅಧ್ಯಕ್ಷರ ಕಾಲಿನ ವಿಷಯ ಹೇಗೆ ತಿಳಿಯಿತು ಎಂದು ಕೇಳಿದೆ.

"ಯಾರಿಗೂ ಹೇಳಬೇಡ," ಅಂದ. "ಹೇಳಿದರೆ ಟೀವಿಯ ಹೆಸರೂ ಹೋಗುತ್ತೆ, ಈ ವಿಮರ್ಶೆಯೂ ಹೋಗುತ್ತೆ. ನನ್ನದು ಅಂತ ಉಳಿಯುವುದು ಆ ಬಿರುಗಾಳಿ ಒಂದೇ."

ಹೇಳಲಿಲ್ಲ. ಈಗ ಆತನಿಲ್ಲ, ಗುಲಾಬಿ ಗಿಡಗಳಿಗೆ ಯಾರು ನೀರು ಹಾಕುತ್ತಾರೋ ತಿಳಿಯದು.

ನಟನಾಗುವ ಮೊದಲು ಆತ ಡಾಕ್ಟರಾಗಿದ್ದ.