ಸಾಹೇಬರ ಭಕ್ತಿ, ಊರವರ ಓಟು

ಇಲೆಕ್ಷನ್ ಬಂತೆಂದರೆ ನಮ್ಮ ಹಾವೇರಿ ಕಡೆ ಮೊದಲು ಪುರುಸೊತ್ತು ಕಳೆದುಕೊಳ್ಳುವವರು ದೇವರು, ಆಮೇಲೆ ನಮ್ಮಂಥ ಬಾಡಿಗೆ ಕಾರಿನ ಡ್ರೈವರುಗಳು. ಒಂದು ಸಲ ಚುನಾವಣೆಗೆ ನಿಂತ ಸಾಹೇಬರೊಬ್ಬರಿಗೆ ಕಾರು ಓಡಿಸಿದೆ. ಮನುಷ್ಯ ಖರೇನ ದೈವಭಕ್ತರು. ಹಾಗಾಗಿ ನಗೆಗೆ ಬರವಿರಲಿಲ್ಲ.

೧. ಎಡವೋ ಬಲವೋ

ನಾಮಪತ್ರ ಹಾಕುವ ಮೊದಲು ರಾಣೆಬೆನ್ನೂರ ಹತ್ತಿರದ ಒಂದು ಗುಡಿಗೆ ಹೂವಿನ ಪ್ರಸಾದ ಕೇಳಲು ಹೋದೆವು. ಬಲಗಡೆಯ ಹೂ ಬಿದ್ದರೆ ಗೆಲುವು, ಎಡಗಡೆಯದು ಬಿದ್ದರೆ ಸೋಲು. ಸಾಹೇಬರು ಕೈಮುಗಿದು ನಿಂತೇ ನಿಂತರು. ಕಾಲು ಜೋಮು ಹಿಡಿಯುವ ಹೊತ್ತಿಗೆ ಒಂದು ಸೇವಂತಿಗೆ ಬಿತ್ತು. ಎಡಕ್ಕೆ! ಸಾಹೇಬರ ಮುಖ ಬಾಡಿತು.

ಪೂಜಾರಿ, "ಅದು ನಿಮ್ಮ ಎಡಾರೀ. ದೇವರು ನಿಮ್ಮ ಕಡಿ ಮುಖ ಮಾಡಿ ಕುಂತಾನ, ಅವಗದು ಬಲ" ಎಂದ. ಸಾಹೇಬರು ಅರಳಿದರು. ಅವರು ಪ್ರದಕ್ಷಿಣೆಗೆ ಹೋದಾಗ ನಾನು ಮೆಲ್ಲಗೆ ಕೇಳಿದೆ:

"ಅಜ್ಜಾರ, ಮುಂಜಾನೆ ಎದುರು ಪಾರ್ಟಿಯವ್ರು ಬಂದಿದ್ರಂತಲ್ಲ, ಅವರಿಗೆ ಯಾವ ಕಡಿ ಬಿತ್ತ್ರೀ?"

"ಇನ್ನೊಂದ ಕಡಿ ಬಿತ್ತಪಾ. ಅವರಿಗೆ ಅವರ ಬಲಾನ ಎಣಿಸಿ ಕೊಟ್ಟೆ."

೨. ಭಾರ

ಬ್ಯಾಡಗಿಯಲ್ಲಿ ಒಂದೇ ಮುಂಜಾನೆ ಮಠ, ದೇವಿ ಗುಡಿ, ದರ್ಗಾ ಮೂರೂ ಮುಗಿಸಿದೆವು. ಆಯಾ ಜಾಗಕ್ಕೆ ತಕ್ಕ ವೇಷ ಬದಲಿಸುವುದು ಸಾಹೇಬರ ಪದ್ಧತಿ. ಅವತ್ತು ಅವಸರದಲ್ಲಿ ಏನನ್ನೂ ಒರೆಸಲಿಲ್ಲ, ತೆಗೆಯಲಿಲ್ಲ. ಹಣೆತುಂಬ ವಿಭೂತಿ, ನಡುವೆ ದೊಡ್ಡ ಕುಂಕುಮ, ಕೊರಳಲ್ಲಿ ರುದ್ರಾಕ್ಷಿ, ತಲೆ ಮೇಲೆ ಬಿಳಿ ಟೊಪ್ಪಿಗೆ. ಹಾಗೇ ಇಳಿದು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಹೆಂಗಸರಿಗೆ ಕೈಮುಗಿದರು.

ಒಬ್ಬಾಕಿ, "ಸಾಹೇಬ್ರ, ನಮ್ಮ ಓಣಿ ಗಟಾರ ತುಂಬಿ ಹರಿಯಾಕತ್ತೈತ್ರಿ" ಎಂದು ಶುರು ಮಾಡಿದಳು. ಪಕ್ಕದಾಕಿ ಅವಳ ಕೈ ಹಿಡಿದು ಜಗ್ಗಿದಳು.

"ಸುಮ್ನಿರವಾ. ಪಾಪ, ಒಬ್ಬನ ಇಷ್ಟು ದೇವರನ್ನ ಹೊತ್ತಾನ. ಮ್ಯಾಲ ನಿನ್ನ ಗಟಾರಾನೂ ಹೊರಸ್ತಿಯೇನ?"

೩. ಆಣಿ

ಮತದಾನದ ಹಿಂದಿನ ವಾರ ಸಾಹೇಬರು ಐರಣಿ ಕಡೆಯ ಒಂದು ಹಳ್ಳಿಯಲ್ಲಿ ಓಣಿಯ ಮಂದಿಯನ್ನೆಲ್ಲ ಗುಡಿ ಮುಂದೆ ಕೂಡಿಸಿ, ತೆಂಗಿನಕಾಯಿ ಮುಟ್ಟಿಸಿ ಆಣಿ ಮಾಡಿಸಿದರು. ತಮ್ಮ ಹೆಸರು ಹೇಳಿಸಿದರೆ ಕೇಸು ಬಿದ್ದೀತೆಂದು ವಕೀಲರು ಹೆದರಿಸಿದ್ದರು. ಅದಕ್ಕೆ ಸಾಹೇಬರೇ ಜಾಣತನದಿಂದ ಮಾತು ಹೆಣೆದು ಹೇಳಿಕೊಟ್ಟರು: "ದೇವರು ಮೆಚ್ಚೂವಂಥಾ ಮನಶ್ಯಾಗ ಓಟು ಹಾಕ್ತೇವಿ." ಎಲ್ಲರೂ ಒಕ್ಕೊರಲಿಂದ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಮುದುಕಿಯಂತೂ ಕಾಯಿಯನ್ನು ಕಣ್ಣಿಗೊತ್ತಿಕೊಂಡಳು.

ಸಾಹೇಬರು ಸೋತರು. ಆ ಓಣಿಯಲ್ಲಂತೂ ಅವರಿಗೆ ಬಿದ್ದ ಓಟು ಬೆರಳಲ್ಲಿ ಎಣಿಸುವಷ್ಟು. ಮರುದಿನವೇ ನನ್ನನ್ನು ಎಬ್ಬಿಸಿಕೊಂಡು ಅಲ್ಲಿಗೆ ಹೋದರು. ಕಟ್ಟೆ ಮೇಲೆ ಅದೇ ಮುದುಕಿ ಕೂತಿದ್ದಳು.

"ಯಾಕಬೇ ಯಮ್ಮಾ, ಕಾಯಿ ಮುಟ್ಟಿ ಆಣಿ ಮಾಡಿದ್ರಲ್ಲ, ದೇವರ ಅಂಜಿಕಿ ಬ್ಯಾಡೇನ ನಿಮಗ?"

ಮುದುಕಿ ಬಾಯೊಳಗಿನ ಎಲಿಅಡಿಕಿ ಒಂದು ದವಡೆಗೆ ಸರಿಸಿದಳು.

"ಅಂಜಿಕಿ ಐತಿ ಅಂತನ ನಿನಗ ಹಾಕ್ಲಿಲ್ಲೋ ನಮ್ಮಪ್ಪಾ!"